ಫಂಕ್ಷನ್‌ಗೆ ಕೊಟ್ಟ ಮ್ಯಾಪ್ ಒಮ್ಮೆ ಬದಲಾಗುತ್ತೆ, ಒಮ್ಮೆ ಬದಲಾಗಲ್ಲ, ಯಾಕೆ?

ಪ್ರಶ್ನೆ: ಗೋ ಪ್ರೋಗ್ರಾಮಿಂಗ್ ಭಾಷೆ ಕಲಿಯುತ್ತಿದ್ದೇನೆ. ಮ್ಯಾಪ್ ಅಂದರೆ ಕೀ ಕೊಟ್ಟರೆ ಅದರ ವ್ಯಾಲ್ಯೂ ಸಿಗುವ ಪಟ್ಟಿ. ಮ್ಯಾಪನ್ನು ಫಂಕ್ಷನ್‌ಗೆ ಕೊಟ್ಟು ಅಲ್ಲಿ ಹೊಸ ಕೀ ಸೇರಿಸಿದರೆ ಹೊರಗೂ ಕಾಣುತ್ತದೆ. ಆದರೆ ಒಳಗೆ ಮೇಕ್ ಬಳಸಿ ಅದೇ ಹೆಸರಿಗೆ ಹೊಸ ಮ್ಯಾಪ್ ಹಾಕಿದರೆ ಹೊರಗೆ ಹಳೆಯದೇ ಇರುತ್ತದೆ. ಗೋದಲ್ಲಿ ಏನು ಕೊಟ್ಟರೂ ಕಾಪಿಯೇ ಹೋಗುತ್ತದೆ ಅಂತಾರೆ. ಹಾಗಾದರೆ ಮೊದಲನೆಯದು ಹೇಗೆ?

ಉತ್ತರ: ಕಾಪಿಯೇ ಹೋಗುತ್ತದೆ, ಆ ಮಾತು ನಿಜ. ಆದರೆ ಯಾವುದರ ಕಾಪಿ? ಮ್ಯಾಪ್ ವೇರಿಯಬಲ್ ಒಳಗೆ ನಿಮ್ಮ ಕೀಗಳು ಇರುವುದಿಲ್ಲ. ಇರುವುದು ಒಂದು ಪಾಯಿಂಟರ್, ಅಂದರೆ ಕೀಗಳು ಇರುವ ಜಾಗದ ಅಡ್ರೆಸ್, 64 ಬಿಟ್ ಯಂತ್ರದಲ್ಲಿ 8 ಬೈಟ್. ಕಾಪಿ ಆಗುವುದು ಈ ಅಡ್ರೆಸ್, ಹಾಗಾಗಿ ಒಳಗೂ ಹೊರಗೂ ಒಂದೇ ಜಾಗ ಸಿಗುತ್ತದೆ, ಒಳಗೆ ಸೇರಿಸಿದ ಕೀ ಹೊರಗೂ ಕಾಣುತ್ತದೆ. ಹತ್ತು ಲಕ್ಷ ಕೀ ಇದ್ದರೂ ಫಂಕ್ಷನ್‌ಗೆ ಹೋಗುವುದು ಆ 8 ಬೈಟ್ ಅಷ್ಟೇ, ಹಾಗಾಗಿ ವೇಗದ ಚಿಂತೆ ಬೇಡ.

ನೀವೇ ನೋಡಿ. ಪ್ರಿಂಟ್‌ಎಫ್‌ಗೆ %ಪಿ (ಅಡ್ರೆಸ್ ತೋರಿಸುವ ಗುರುತು, %p) ಕೊಟ್ಟು ಮ್ಯಾಪನ್ನು ಹೊರಗೊಮ್ಮೆ, ಫಂಕ್ಷನ್ ಒಳಗೊಮ್ಮೆ ಪ್ರಿಂಟ್ ಮಾಡಿ. ಎರಡೂ ಕಡೆ ಒಂದೇ ಅಡ್ರೆಸ್ ಬರುತ್ತದೆ. ಮೇಕ್ ಸಾಲು ಆದಮೇಲೆ ಮತ್ತೊಮ್ಮೆ ಮಾಡಿದರೆ ಒಳಗಿನದು ಬೇರೆ ಆಗಿರುತ್ತದೆ, ಹೊರಗಿನದು ಅಲುಗಾಡಿರುವುದಿಲ್ಲ, ಯಾಕೆಂದರೆ ನೀವು ಬದಲಿಸಿದ್ದು ಒಳಗಿನ ಕಾಪಿಯನ್ನು ಮಾತ್ರ.

ಇದರಿಂದಲೇ ಹುಟ್ಟುವ ಇನ್ನೊಂದು ತೊಂದರೆ ಇದೆ, ಹೊಸಬರು ಜಾಸ್ತಿ ಬೀಳುವುದು ಅಲ್ಲೇ. ಮ್ಯಾಪನ್ನು ಸುಮ್ನೆ ಡಿಕ್ಲೇರ್ ಮಾಡಿ ಬಿಟ್ಟರೆ ಅದು ನಿಲ್, ಅಂದರೆ ಯಾವ ಮ್ಯಾಪನ್ನೂ ತೋರಿಸದ ಖಾಲಿ ಪಾಯಿಂಟರ್. ನಿಲ್ ಮ್ಯಾಪಿನಿಂದ ಓದಬಹುದು, ಸೊನ್ನೆ ಬೆಲೆ ಸಿಗುತ್ತದೆ, ಡಿಲೀಟ್ ಕೂಡ ತಕರಾರಿಲ್ಲದೆ ನಡೆಯುತ್ತದೆ. ಅದಕ್ಕೇ ತಪ್ಪು ಬೇಗ ಗೊತ್ತಾಗಲ್ಲ. ಒಂದು ಕೀ ಬರೆಯಲು ಹೋದ ಕೂಡಲೇ ಪ್ಯಾನಿಕ್, ಅಂದರೆ ಓಡುವಾಗಲೇ ಎರರ್ ಬಂದು ಪ್ರೋಗ್ರಾಂ ನಿಲ್ಲುತ್ತದೆ. 'ಫಂಕ್ಷನ್ ಒಳಗೇ ಮೇಕ್ ಮಾಡಿಕೊಳ್ಳೋಣ' ಅಂದರೆ ಪ್ಯಾನಿಕ್ ತಪ್ಪುತ್ತದೆ, ಆದರೆ ಹೊರಗಿನದು ನಿಲ್ ಆಗಿಯೇ ಉಳಿಯುತ್ತದೆ. ಕರೆಯುವ ಮೊದಲೇ ಮೇಕ್ ಮಾಡಿ, ಇಲ್ಲವೇ ಫಂಕ್ಷನ್‌ನಿಂದ ಹೊಸ ಮ್ಯಾಪ್ ರಿಟರ್ನ್ ಮಾಡಿ. ಮ್ಯಾಪಿಗೆ ಪಾಯಿಂಟರ್ ಕೊಟ್ಟರೂ ಕೆಲಸ ಆಗುತ್ತದೆ, ಆದರೆ ನನಗೆ ರಿಟರ್ನ್ ಮಾಡುವುದೇ ಇಷ್ಟ. ಓದುವವರಿಗೆ ಏನು ನಡೆಯುತ್ತಿದೆ ಅಂತ ಆ ಸಾಲಲ್ಲೇ ಕಾಣುತ್ತದೆ ಅಲ್ವಾ?

ಫಂಕ್ಷನ್ ನಿಮ್ಮ ಮ್ಯಾಪನ್ನು ಮುಟ್ಟಲೇಬಾರದು ಅಂದರೆ ಕಾಪಿ ಮಾಡಿ ಕೊಡಿ. ಗೋ 1.21ರಿಂದ ಇದಕ್ಕೆ ಮ್ಯಾಪ್ಸ್ ಪ್ಯಾಕೇಜಿನಲ್ಲಿ ಕ್ಲೋನ್ ಇದೆ. ಒಂದು ಎಚ್ಚರ: ಅದು ಮೇಲ್ಮಟ್ಟದ ಕಾಪಿ. ವ್ಯಾಲ್ಯೂ ಜಾಗದಲ್ಲಿ ಸ್ಲೈಸ್ (ಗೋದಲ್ಲಿ ಅಂಶಗಳ ಪಟ್ಟಿ) ಇದ್ದರೆ, ಆ ಸ್ಲೈಸಿನ ಮೊದಲ ಅಂಶವನ್ನು ಒಳಗೆ ಬದಲಿಸಿದರೂ ಹೊರಗೆ ಬದಲಾಗುತ್ತದೆ. ಆಗ ಪ್ರತಿ ಸ್ಲೈಸನ್ನೂ ಲೂಪಿನಲ್ಲಿ ನೀವೇ ಕಾಪಿ ಮಾಡಬೇಕು.