ಹಳೆ ಐಪಾಡ್ ಫ್ಲ್ಯಾಕ್ ಫೈಲ್ ಓದಲ್ಲ, ಸಿಡಿಗಳನ್ನೆಲ್ಲ ಆ್ಯಪಲ್‌ನ ಅಲ್ಯಾಕ್ ಫಾರ್ಮ್ಯಾಟ್‌ನಲ್ಲೇ ರಿಪ್ ಮಾಡಿ (ಕಂಪ್ಯೂಟರಿಗೆ ಇಳಿಸಿ) ಇಡಲಾ?

ಐಪಾಡ್ ವಿಡಿಯೊ ಮಾಡೆಲ್ ಇಟ್ಟುಕೊಂಡು ನೀವು ಕೇಳ್ತಿರುವುದನ್ನೇ ನಾನೂ ಕೇಳಿದ್ದೆ. ನನ್ನ ಪ್ಲೇಯರ್ ಬೇರೆ. ಅದು ಓದುತ್ತಿದ್ದದ್ದು ಒಂದೇ ಲಾಸ್‌ಲೆಸ್ (ದನಿ ಒಂಚೂರೂ ಕಳೆಯದ) ಫಾರ್ಮ್ಯಾಟ್, ಅದೂ ಒಂದು ಕಂಪನಿಯ ಸ್ವಂತದ್ದು. ಅಪ್ಪ ಕೊಂಡಿಟ್ಟಿದ್ದ ವೀಣೆ, ಕೊಳಲಿನ ಸಿಡಿಗಳನ್ನೆಲ್ಲ ಅದಕ್ಕೇ ರಿಪ್ ಮಾಡಿದೆ. ಸಾಫ್ಟ್‌ವೇರಿನ ಸೆಟ್ಟಿಂಗ್‌ನಲ್ಲಿ 'ಕಾಪಿ ಪ್ರೊಟೆಕ್ಟ್' ಅಂತ ಪುಟ್ಟ ಚೌಕ ಇತ್ತು, ಮೊದಲೇ ಟಿಕ್ ಆಗಿತ್ತು. ಫೈಲ್‌ಗೆ ಏನೋ ರಕ್ಷಣೆ ಇರಬೇಕು ಅಂದುಕೊಂಡು ಸುಮ್ನೆ ಬಿಟ್ಟೆ. ಅದು ಪ್ರತಿ ಹಾಡಿಗೂ ಬೀಗ ಹಾಕಿ, ಕೀಲಿಯನ್ನು ಆ ಕಂಪ್ಯೂಟರ್‌ನೊಳಗೇ ಇಡುತ್ತಿತ್ತು. ಫೋಲ್ಡರ್ ಬ್ಯಾಕಪ್ ಮಾಡಿದರೆ ಹಾಡು ಬರುತ್ತೆ, ಕೀಲಿ ಬರಲ್ಲ. ಇದು ಗೊತ್ತಾಗಿದ್ದು ಹಾರ್ಡ್ ಡಿಸ್ಕ್ ಫಾರ್ಮ್ಯಾಟ್ ಮಾಡಿ ಎಲ್ಲವನ್ನೂ ವಾಪಸ್ ಹಾಕಿದ ಮೇಲೆ. ರಾಗದ ಹೆಸರುಗಳು ಸಾಲಾಗಿ ಕಾಣುತ್ತಿವೆ, ಒತ್ತಿದರೆ ಲೈಸೆನ್ಸ್ ಇಲ್ಲ ಅನ್ನುತ್ತೆ. ಅಷ್ಟರಲ್ಲಿ ಸಿಡಿಗಳು ನೆಂಟರ ಮನೆ ಸೇರಿದ್ದವು. ವಾಪಸ್ ಸಿಕ್ಕಿದ್ದು ಕೆಲವೇ, ಅವೂ ಗೀರು ಬಿದ್ದವು.

ಅದಕ್ಕೇ ಹೇಳ್ತೀನಿ, ಪ್ಲೇಯರ್ ನೋಡಿ ಸಂಗ್ರಹದ ಫಾರ್ಮ್ಯಾಟ್ ಆರಿಸಲೇಬೇಡಿ. ಆ ಐಪಾಡ್ ಇನ್ನೆಷ್ಟು ವರ್ಷ ಬಾಳುತ್ತೆ? ಎರಡೂ ಲಾಸ್‌ಲೆಸ್, ದನಿಯ ವಿಷಯದಲ್ಲಿ ಫ್ಲ್ಯಾಕ್‌ಗೂ ಅಲ್ಯಾಕ್‌ಗೂ ಒಂದು ಬಿಟ್ ವ್ಯತ್ಯಾಸವಿಲ್ಲ. ಅಲ್ಯಾಕ್ ಕೂಡ 2011ರಿಂದ ಓಪನ್ ಸೋರ್ಸ್ (ಕೋಡ್ ಎಲ್ಲರಿಗೂ ತೆರೆದದ್ದು), ನನಗೆ ಕೈಕೊಟ್ಟ ಫಾರ್ಮ್ಯಾಟ್‌ನಂಥ ಅಪಾಯ ಅದರಲ್ಲಿಲ್ಲ. ಆದರೂ ಮೂಲ ಪ್ರತಿ ಫ್ಲ್ಯಾಕ್‌ನಲ್ಲೇ ಇರಲಿ. 2001ರಲ್ಲಿ ಬಂದಾಗಿನಿಂದಲೂ ಅದು ಮುಕ್ತ. 2024ರಲ್ಲಿ ಆರ್‌ಎಫ್‌ಸಿ 9639 ಅನ್ನೋ ಇಂಟರ್ನೆಟ್ ಮಾನದಂಡದ ದಾಖಲೆಯಾಗಿ ಅದರ ವಿವರವೆಲ್ಲ ಪ್ರಕಟವೂ ಆಗಿದೆ, ನಾಳೆ ಯಾರು ಬೇಕಾದರೂ ಅದನ್ನು ಓದಿ ಹೊಸ ಪ್ಲೇಯರ್ ಬರೆಯಬಹುದು. ಜೊತೆಗೆ, ಮೂಲ ದನಿಯ ಎಂಡಿ5 ಚೆಕ್‌ಸಮ್ (ದನಿ ಬದಲಾಗಿದೆಯಾ ಅಂತ ತಾಳೆ ನೋಡೋ ಗುರುತು) ಫೈಲ್‌ನೊಳಗೇ ಇರುತ್ತೆ. ಫ್ಲ್ಯಾಕ್ ಟೂಲ್‌ನಲ್ಲಿ ಟೆಸ್ಟ್ ಓಡಿಸಿದರೆ ಯಾವ ಫೈಲ್ ಕೆಟ್ಟಿದೆ ಅಂತ ಗೊತ್ತಾಗುತ್ತೆ.

ಐಪಾಡ್‌ಗೆ ರಾಕ್‌ಬಾಕ್ಸ್ ಹಾಕಿ. ಅದು ಓಪನ್ ಸೋರ್ಸ್ ಫರ್ಮ್‌ವೇರ್ (ಪ್ಲೇಯರನ್ನೇ ನಡೆಸೋ ಸಾಫ್ಟ್‌ವೇರ್), ಐಪಾಡ್ ವಿಡಿಯೊದಲ್ಲಿ ಫ್ಲ್ಯಾಕ್ ನೇರವಾಗಿ ನುಡಿಸುತ್ತೆ. ಐಟ್ಯೂನ್ಸ್ ಬೇಕಿಲ್ಲ, ಕೇಬಲ್ ಚುಚ್ಚಿ ಫೋಲ್ಡರ್ ಕಾಪಿ ಮಾಡಿದರೆ ಸಾಕು. ಮ್ಯಾಕ್‌ನಲ್ಲಿ ಫಾರ್ಮ್ಯಾಟ್ ಆದ ಐಪಾಡ್ ಆದರೆ ಮೊದಲು ಫ್ಯಾಟ್32 ಅನ್ನೋ ಡಿಸ್ಕ್ ಫಾರ್ಮ್ಯಾಟ್‌ಗೆ ಬದಲಾಯಿಸಿಕೊಳ್ಳಬೇಕು. ಕನ್ನಡದ ಒತ್ತಕ್ಷರ ಕೂಡಿಸಿ ತೋರಿಸೋದು ಅದಕ್ಕೆ ಬರಲ್ಲ, ಫೋಲ್ಡರ್ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿಡಿ. ಫರ್ಮ್‌ವೇರ್ ಬದಲಾಯಿಸಲು ಭಯವಾದರೆ ಎಫ್‌ಎಫ್‌ಎಂಪೆಗ್ ಅನ್ನೋ ಫಾರ್ಮ್ಯಾಟ್ ಬದಲಾಯಿಸೋ ಟೂಲ್‌ನಲ್ಲಿ ಅಲ್ಯಾಕ್ ಪ್ರತಿ ಮಾಡಿ ಐಪಾಡ್‌ಗೆ ತುಂಬಿ, ಫ್ಲ್ಯಾಕ್ ಹಾರ್ಡ್ ಡಿಸ್ಕ್‌ನಲ್ಲಿ ಹಾಗೇ ಇರಲಿ.