ಗುರು ಇಲ್ಲದ ಜಪ ದಂಡವಾ? ಒಂದು ಆಪ್ತಸಲಹೆ ಪ್ರಕರಣ

ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ.

ನಲವತ್ತರ ಆಸುಪಾಸಿನ ಮಹಿಳೆ. ತಾಯಿ ತೀರಿಕೊಂಡ ಮೇಲೆ ನಿದ್ದೆ ಬಾರದೆ ರಾತ್ರಿ ರಾಮನಾಮ ಜಪ ಶುರು ಮಾಡಿದ್ದರು. ಅದರಿಂದ ಮನಸ್ಸಿಗೆ ಸಮಾಧಾನವೂ ಸಿಕ್ಕಿತ್ತು. ಆಮೇಲೆ ಭಜನೆಗೆ ಬರುವವರೊಬ್ಬರು "ದೀಕ್ಷೆ ಇಲ್ಲದ ಜಪ ದಂಡ, ಮೇಲಾಗಿ ದೋಷ" ಎಂದುಬಿಟ್ಟರು. 'ಗುರುವಿನ ಗುಲಾಮನಾಗುವ ತನಕ' ಎಂಬ ಪುರಂದರದಾಸರ ಪದವನ್ನೂ ಎತ್ತಿ ಹೇಳಿದರು. ಅಷ್ಟೇ, ಜಪ ನಿಂತಿತು, ನಿದ್ದೆಯೂ ಹೋಯಿತು. ಅವರೇ ತೋರಿಸಿದ ಗುರುಗಳ ಹತ್ತಿರ ಅದೇ ವಾರ ದೀಕ್ಷೆ ಆಗಬೇಕಂತೆ, ಗಂಡನಿಗೆ ಹೇಳಬಾರದಂತೆ, ಕಾಣಿಕೆಗೆ ಒಡವೆ ಅಡ ಇಡುವ ಯೋಚನೆ ಬೇರೆ.

ಜಪ ಬಿಟ್ಟಿದ್ದು ಭಕ್ತಿ ಕಡಿಮೆಯಾಗಿಯಾ, ಹೆದರಿಕೆಯಿಂದಲಾ ಎಂದು ಕೇಳಿದೆ. ಹೆದರಿಕೆ ಎಂದರು.

ನೇರವಾಗಿ ಹೇಳಿದೆ: ಇವತ್ತು ರಾತ್ರಿಯೇ ಮಾಲೆ ತಗೊಳ್ಳಿ. ಬೀಜಮಂತ್ರ, ತಾಂತ್ರಿಕ ಉಪಾಸನೆ, ಸನ್ಯಾಸ ಇವಕ್ಕೆಲ್ಲ ಗುರು ಬೇಕು ಎಂದು ಸಂಪ್ರದಾಯ ಹೇಳುತ್ತದೆ, ನಾನೂ ಒಪ್ಪುತ್ತೇನೆ. ದೇವರ ಹೆಸರು ಹೇಳೋಕೆ ಯಾರ ಅಪ್ಪಣೆ ಬೇಕು? ಭಾಗವತದ ಅಜಾಮಿಳ ಸಾಯುವಾಗ ಮಗನನ್ನು 'ನಾರಾಯಣಾ' ಎಂದು ಕರೆದ, ಅಷ್ಟಕ್ಕೇ ವಿಷ್ಣುದೂತರು ಬಂದರು. ದಾಸರ ಪದ ಸುಳ್ಳಲ್ಲ, ಅವರಿಗೆ ವ್ಯಾಸರಾಯರಂಥ ಗುರು ಸಿಕ್ಕಿದ್ದರು. ಆದರೆ 1896ರಲ್ಲಿ ಮನೆ ಬಿಟ್ಟು ತಿರುವಣ್ಣಾಮಲೈಗೆ ಹೋದ ರಮಣ ಮಹರ್ಷಿಗಳಿಗೆ ಮನುಷ್ಯ ರೂಪದ ಗುರುವೇ ಇರಲಿಲ್ಲ, ಅರುಣಾಚಲವನ್ನೇ ಗುರು ಎಂದರು. ಎರಡೂ ನಮ್ಮದೇ ದಾರಿ ಅಲ್ವಾ?

ಆದರೂ ನನಗೆ ಗುರು ಬೇಕೇ ಬೇಕು ಎಂದರು. ಆಗ ಪ್ರಶ್ನೋಪನಿಷತ್ತಿನ ಪ್ರಸಂಗ ಹೇಳಿದೆ. ನನಗೆ ತುಂಬಾ ಇಷ್ಟದ್ದು. ಆರು ಜನ ಪಿಪ್ಪಲಾದ ಋಷಿಯ ಹತ್ತಿರ ಹೋಗುತ್ತಾರೆ. ಆತ ಅವಸರ ಮಾಡುವುದಿಲ್ಲ, ಹೆದರಿಸುವುದೂ ಇಲ್ಲ. ಒಂದು ವರ್ಷ ಇಲ್ಲಿ ತಪಸ್ಸು ಮಾಡಿಕೊಂಡಿರಿ, ಆಮೇಲೆ ನಿಮಗೆ ಬೇಕಾದ್ದು ಕೇಳಿ, ನನಗೆ ಗೊತ್ತಿದ್ದರೆ ಎಲ್ಲ ಹೇಳುತ್ತೇನೆ ಎನ್ನುತ್ತಾನೆ. 'ಗೊತ್ತಿದ್ದರೆ' ಎನ್ನುವ ಗುರುವನ್ನು ಹುಡುಕಿ ಎಂದೆ. ಗೀತೆಯ ನಾಲ್ಕನೇ ಅಧ್ಯಾಯವೂ ನಮಸ್ಕಾರ, ಸೇವೆಗಳ ಜೊತೆ ಪ್ರಶ್ನೆಯನ್ನೂ ಸೇರಿಸಿಯೇ ಹೇಳುತ್ತದೆ. ಹಾಗಾಗಿ ಆ ಗುರುಗಳನ್ನು ಬಿಚ್ಚುಮನಸ್ಸಿನಿಂದ ಪ್ರಶ್ನೆ ಕೇಳಿ ನೋಡಿ, ಸಿಟ್ಟಾದರೆ ಎದ್ದು ಬನ್ನಿ. ಮನೆಯವರಿಂದ ಮುಚ್ಚಿಡಿ ಎನ್ನುವ ಕಡೆ, ಸಾಲ ಮಾಡಿಸುವ ಕಡೆ ದಯವಿಟ್ಟು ತಲೆ ಕೊಡಬೇಡಿ.

ಗಂಡನಿಗೆ ಹೇಳಿದರು, ದೀಕ್ಷೆ ಮುಂದೂಡಿದರು. ಜಪ ಮತ್ತೆ ನಡೆದಿದೆ. ಗುರು ಬೇಕೆಂಬ ಆಸೆ ಈಗಲೂ ಇದೆ, ಬಿಡಿ ಎಂದು ನಾನು ಹೇಳಿಲ್ಲ. ಅಮ್ಮ ಹೋದ ದುಃಖ ಮಾತ್ರ ಇನ್ನೂ ಹಾಗೇ ಇದೆ, ಮುಂದಿನ ಭೇಟಿಗಳಲ್ಲಿ ಅದರ ಬಗ್ಗೆಯೇ ಮಾತಾಡಬೇಕು.