ಅಂಗೈ ಗಂಟಿಗೆ ರೇಡಿಯೇಶನ್: ಎಷ್ಟು ಹೆದರ್ಬೇಕು, ಯಾವುದಕ್ಕೆ ಹೆದರ್ಬೇಕು?

ಪ್ರಶ್ನೆ: ಡಾಕ್ಟ್ರೇ ನಮಸ್ಕಾರ. ನಾವು ಶಿವಮೊಗ್ಗದವ್ರು, ಈಗ ಜರ್ಮನಿಯ ನ್ಯೂರೆಂಬರ್ಗ್‌ನಲ್ಲಿದೀವಿ. ನಮ್ಮನೆಯವ್ರಿಗೆ 54 ವರ್ಷ, ಶುಗರ್ ಇದೆ. ಬಲಗೈ ಅಂಗೈಲಿ ಉಂಗುರ ಬೆರಳಿನ ಬುಡದ ಹತ್ರ ಕಡಲೆಕಾಳಿನಷ್ಟು ಗಟ್ಟಿ ಗಂಟಿದೆ, ನೋವಿಲ್ಲ, ಬೆರಳು ಇನ್ನೂ ಪೂರ್ತಿ ನೆಟ್ಟಗಾಗತ್ತೆ. ಇಲ್ಲಿನ ಡಾಕ್ಟ್ರು ಡುಪ್ಯೂಟ್ರೆನ್ ಕಾಯಿಲೆ ಅಂದ್ರು, ಬೇಕಾದ್ರೆ ರೇಡಿಯೇಶನ್ ಕೊಡಬಹುದು ಅಂತ ಚೀಟಿ ಬರೆದುಕೊಟ್ಟಿದಾರೆ. ಊರಲ್ಲಿ ಅತ್ತೆಗೆ ಹೇಳಿದ್ದೇ ತಡ, ಕ್ಯಾನ್ಸರ್ ಆಗಿದೆ, ನನ್ನಿಂದ ಮುಚ್ಚಿಡ್ತಿದೀರ ಅಂತ ಊಟ ಬಿಟ್ಟು ಕೂತಿದಾರೆ. ಇದ್ರ ಸೈಡ್ ಎಫೆಕ್ಟ್ ಏನೇನು? ಮುಂದೆ ಇದ್ರಿಂದಲೇ ಕ್ಯಾನ್ಸರ್ ಬರತ್ತಾ?

ಉತ್ತರ: ಮೊದ್ಲು ಅತ್ತೆಗೆ ಫೋನ್ ಮಾಡಿ ಊಟ ಮಾಡೋಕೆ ಹೇಳಿ ತಾಯಿ, ಇದು ಕ್ಯಾನ್ಸರ್ ಅಲ್ಲ. ಅಂಗೈ ಚರ್ಮದ ಕೆಳಗೆ ನಾರಿನಂಥ ಒಂದು ಪದರ ಇರತ್ತೆ, ಅದು ದಪ್ಪ ಆಗ್ತಾ ಮೊದ್ಲು ಗಂಟಾಗತ್ತೆ, ಆಮೇಲೆ ಕೆಲವರಲ್ಲಿ ಹುರಿಯಾಗಿ ಬೆರಳನ್ನ ಒಳಗೆ ಎಳ್ಕೊಳ್ಳತ್ತೆ. 1831ರಲ್ಲಿ ಪ್ಯಾರಿಸ್‌ನ ಸರ್ಜನ್ ಡುಪ್ಯೂಟ್ರೆನ್ ಇದಕ್ಕೆ ಆಪರೇಶನ್ ಮಾಡಿ ವಿವರಿಸಿದ್ರಿಂದ ಅವರ ಹೆಸರೇ ಉಳೀತು. ಉತ್ತರ ಯುರೋಪಿನವರಲ್ಲಿ ಇದು ತುಂಬಾ ಜಾಸ್ತಿ, ನಮ್ಮಲ್ಲಿ ಕಮ್ಮಿ, ಆದ್ರೆ ಶುಗರ್ ಇರೋರಲ್ಲಿ ಕಾಣಿಸ್ಕೊಳ್ಳತ್ತೆ.

ಕ್ಯಾನ್ಸರ್ ಅಲ್ಲದಿದ್ರೆ ರೇಡಿಯೇಶನ್ ಯಾಕೆ ಅಂತ ನೀವು ಕೇಳೋದು ನ್ಯಾಯ. ಗಂಟು ಬೆಳೀತಿರೋ ಹೊತ್ತಲ್ಲಿ ಅಲ್ಲಿ ನಾರು ತಯಾರಿಸೋ ಜೀವಕೋಶಗಳು ಜೋರಾಗಿ ಹೆಚ್ತಾ ಇರ್ತವೆ, ರೇಡಿಯೇಶನ್ ಅವುಗಳ ವೇಗ ತಗ್ಗಿಸತ್ತೆ, ಅಷ್ಟೇ ಅದರ ಕೆಲಸ. ಸಾಮಾನ್ಯವಾಗಿ ದಿನಕ್ಕೆ 3 ಗ್ರೇ (ಗ್ರೇ ಅಂದ್ರೆ ವಿಕಿರಣದ ಪ್ರಮಾಣ ಅಳೆಯೋ ಮಾನ) ಲೆಕ್ಕದಲ್ಲಿ 5 ದಿನ, ಆಮೇಲೆ 6ರಿಂದ 12 ವಾರ ಬಿಟ್ಟು ಇನ್ನೊಂದು 5 ದಿನ, ಒಟ್ಟು 30 ಗ್ರೇ. ಕ್ಯಾನ್ಸರ್ ಗಡ್ಡೆಗಳಿಗೆ ಎಷ್ಟೋ ಸಲ 60 ಗ್ರೇ ಅಥವಾ ಅದಕ್ಕೂ ಮೇಲೆ ಹೋಗತ್ತೆ. ಡಾಕ್ಟ್ರು ಗಂಟು ಹುರಿ ಎಲ್ಲಾ ಬೆರಳಲ್ಲಿ ಮುಟ್ಟಿ ನೋಡಿ ಅಂಗೈ ಮೇಲೆ ಪೆನ್ನಲ್ಲಿ ಗೆರೆ ಎಳೀತಾರೆ, ಸುತ್ತ ಸ್ವಲ್ಪ ಜಾಗ ಸೇರಿಸ್ತಾರೆ, ಆ ಆಕಾರಕ್ಕೆ ಸೀಸದ ತಗಡು ಕತ್ತರಿಸಿ ಉಳಿದ ಬೆರಳುಗಳನ್ನ ಮುಚ್ತಾರೆ. ಕೈ ಅಲ್ಲಾಡಿಸದೆ ಕೆಲವು ನಿಮಿಷ ಇಟ್ಕೊಂಡ್ರೆ ಮುಗೀತು, ಉರಿ ಶಾಖ ಏನೂ ಗೊತ್ತಾಗಲ್ಲ. ತಲೆಕೂದಲು ಉದುರಲ್ಲ, ವಾಂತಿ ಆಗಲ್ಲ. ಮನೆಗೆ ಬಂದು ಮಕ್ಕಳನ್ನ ಎತ್ಕೊಳ್ಳಬಹುದು, ನಿಮ್ಮನೆಯವರ ಮೈಯಲ್ಲಿ ಯಾವ ವಿಕಿರಣವೂ ಉಳಿದಿರಲ್ಲ.

ಇನ್ನು ಸೈಡ್ ಎಫೆಕ್ಟ್. ಮೊದಲ ಕೆಲವು ವಾರ ಅಂಗೈ ಕೆಂಪಗಾಗೋದು, ಒಣಗೋದು, ಸಣ್ಣಗೆ ಸಿಪ್ಪೆ ಏಳೋದು, ಮುಟ್ಟಿದ್ರೆ ಸ್ವಲ್ಪ ಚುರುಗುಡೋದು, ಇಷ್ಟು ಆಗಬಹುದು, ತಾನಾಗೇ ಇಳಿಯತ್ತೆ. ಉಳ್ಕೊಳ್ಳೋದು ಬೇರೆ: ಆ ಜಾಗ ಬೆವರೋದು ಕಮ್ಮಿಯಾಗಿ ಶಾಶ್ವತವಾಗಿ ಒಣಗಿದ ಹಾಗಿರೋದು, ಚರ್ಮ ತೆಳ್ಳಗಾಗೋದು, ಸಣ್ಣ ಸಣ್ಣ ಕೆಂಪು ರಕ್ತನಾಳ ಮೇಲೆ ಕಾಣೋದು. ನಿಮ್ಮ ಪಕ್ಕದ ಊರು ಎರ್ಲಾಂಗನ್‌ನಲ್ಲೇ ಇದರ ಮೇಲೆ ದೊಡ್ಡ ಅಧ್ಯಯನ ನಡೆದಿದೆ, 2010ರಲ್ಲಿ ಪ್ರಕಟ ಆಯ್ತು, 135 ಜನರ 208 ಕೈಗಳು, ಸರಾಸರಿ 13 ವರ್ಷ ಹಿಂಬಾಲಿಸಿ ನೋಡಿದ್ರು. ಸುಮಾರು ಮೂರರಲ್ಲಿ ಒಂದು ಭಾಗಕ್ಕೆ ಇಂಥ ಸಣ್ಣಪುಟ್ಟ ಚರ್ಮದ ಬದಲಾವಣೆ ಉಳೀತು. ಇದನ್ನ ಯಾರೂ ಹಗುರವಾಗಿ ತಗೋಬಾರ್ದು, ಅದ್ರಲ್ಲೂ ಶುಗರ್ ಇರೋರು, ಒಣಗಿ ಬಿರುಕು ಬಿಟ್ಟ ಅಂಗೈಲಿ ಸೋಂಕು ಹೊಕ್ಕರೆ ಮಾಯೋದು ನಿಧಾನ. ಪರಿಮಳ ಇಲ್ಲದ ಮಾಯಿಶ್ಚರೈಸರ್ ದಿನಾ ಹಚ್ಚಲಿ, ಪಾತ್ರೆ ತೊಳೆಯೋವಾಗ ಗ್ಲೌಸ್ ಹಾಕಲಿ, ಸಿಗರೇಟ್ ಇದ್ರೆ ಬಿಡಲಿ.

ಕ್ಯಾನ್ಸರ್ ಪ್ರಶ್ನೆಗೆ ನೇರವಾಗಿ ಹೇಳ್ತೀನಿ. ಆ ಅಧ್ಯಯನದಲ್ಲಿ ರೇಡಿಯೇಶನ್‌ನಿಂದ ಕ್ಯಾನ್ಸರ್ ಆದವರು ಒಬ್ಬರೂ ಇಲ್ಲ. ಹಾಗಂತ ಅಪಾಯ ಸೊನ್ನೆ ಅಂತ ನಾನು ಬರೆಯಲ್ಲ, ವಿಕಿರಣದಿಂದ ಆಗೋ ಗಡ್ಡೆಗಳು ಹತ್ತು ಇಪ್ಪತ್ತು ವರ್ಷ ಬಿಟ್ಟೂ ಬರಬಹುದು, ಇನ್ನೂರು ಕೈ ನೋಡಿ ಅಪರೂಪದ ಅಪಾಯ ಇಲ್ಲ ಅಂತ ಹೇಳಕ್ಕಾಗಲ್ಲ. ಆದ್ರೆ ಕೈ ದೇಹದ ತುದಿಯಲ್ಲಿದೆ, ಥೈರಾಯ್ಡ್, ಶ್ವಾಸಕೋಶ, ಹೊಟ್ಟೆ ಎಲ್ಲಾ ದೂರ, ಹಾಗಾಗಿ 54ನೇ ವಯಸ್ಸಲ್ಲಿ ಈ ಅಪಾಯ ತುಂಬಾ ಕಮ್ಮಿ. 30 ವರ್ಷದವರು ಕೇಳಿದ್ರೆ ನಾನು ಎರಡು ಸಲ ಯೋಚಿಸಿ ಅಂತಿದ್ದೆ, ಯಾಕಂದ್ರೆ ಅವರ ಮುಂದೆ ಇನ್ನೂ ತುಂಬಾ ವರ್ಷ ಇದೆ. ಗರ್ಭಿಣಿಯರಿಗೆ ಕೊಡಲ್ಲ.

ನನಗೆ ನಿಜವಾಗಿ ಚಿಂತೆ ಇರೋದು ಬೇರೆ ಕಡೆ. ಎಷ್ಟೋ ಜನರಿಗೆ ಈ ಗಂಟು ವರ್ಷಗಟ್ಟಲೆ ಹಾಗೇ ಇರತ್ತೆ, ಬೆರಳು ಬಗ್ಗೋದೇ ಇಲ್ಲ. ಎರ್ಲಾಂಗನ್‌ನಲ್ಲಿ ಬರೀ ಗಂಟಿದ್ದ ಹಂತದಲ್ಲಿ 87 ಶೇಕಡ ಕೈಗಳು ಹಾಗೇ ಉಳಿದ್ವು ಅಥವಾ ಸುಧಾರಿಸಿದ್ವು ಅಂತ ಇದೆ, ಕೇಳೋಕೆ ಚೆನ್ನಾಗಿದೆ, ಆದ್ರೆ ಅಲ್ಲಿ ರೇಡಿಯೇಶನ್ ಕೊಡದ ಗುಂಪನ್ನ ಪಕ್ಕದಲ್ಲಿಟ್ಟು ಹೋಲಿಸಿರಲಿಲ್ಲ, ಅವರಲ್ಲಿ ಎಷ್ಟು ಜನಕ್ಕೆ ಏನೂ ಕೊಡದಿದ್ರೂ ಹಾಗೇ ಇರ್ತಿತ್ತು? ಚಿಕಿತ್ಸೆಗಳ ಪುರಾವೆ ಪರಿಶೀಲಿಸಿ ಸಲಹೆ ಕೊಡೋ ಬ್ರಿಟನ್ನಿನ ನೈಸ್ (NICE) ಸಂಸ್ಥೆ ಕೂಡ 2016ರಲ್ಲಿ ಸುರಕ್ಷತೆ ಬಗ್ಗೆ ದೊಡ್ಡ ಆತಂಕ ಇಲ್ಲ, ಪ್ರಯೋಜನದ ಪುರಾವೆ ಮಾತ್ರ ಸಾಲದು ಅಂತಲೇ ಹೇಳಿದ್ದು. ಅಂದ್ರೆ ಬೇಡದ ಚಿಕಿತ್ಸೆ ತಗೊಂಡು ಅಂಗೈ ಒಣಗಿಸ್ಕೊಳ್ಳೋದೇ ಇಲ್ಲಿ ದೊಡ್ಡ ಅಪಾಯ. ಹಾಗಾಗಿ ಈ ಗಂಟು ಬೆಳೀತಿದೆಯಾ ಅನ್ನೋದನ್ನ ಮೊದ್ಲು ತಿಳ್ಕೊಳ್ಳಿ. ಪಕ್ಕದಲ್ಲಿ ಸ್ಕೇಲ್ ಇಟ್ಟು ಅಂಗೈ ಫೋಟೋ ತೆಗೀರಿ, ಎರಡ್ಮೂರು ತಿಂಗಳಿಗೊಮ್ಮೆ ಅದೇ ಬೆಳಕಲ್ಲಿ ಮತ್ತೆ ತೆಗೀರಿ, ಟೇಬಲ್ ಮೇಲೆ ಅಂಗೈ ಅಂಟಿಸಿ ಇಟ್ಟಾಗ ಬೆರಳು ಮೇಲೇಳತ್ತಾ ನೋಡಿ. ಹೊಸ ಗಂಟು, ಹೊಸ ಹುರಿ ಕಾಣಿಸಿದ್ರೆ, ತುರಿಕೆ ಎಳೆತ ಶುರುವಾದ್ರೆ ಆಗ ರೇಡಿಯೇಶನ್‌ಗೆ ಅರ್ಥ ಇದೆ, ತಡ ಮಾಡ್ಬೇಡಿ. ಏನೂ ಬದಲಾಗದಿದ್ರೆ ಆ ಚೀಟಿ ಡ್ರಾಯರ್‌ನಲ್ಲೇ ಇರಲಿ.

ಪ್ರಶ್ನೆ: ನನಗೆ 66 ವರ್ಷ, ಮೈಸೂರು. ಕಿರುಬೆರಳು ಅರ್ಧ ಬಗ್ಗಿ ಹೋಗಿದೆ, ಜೇಬಿಗೆ ಕೈ ಹಾಕಿದ್ರೆ ಸಿಕ್ಕಾಕ್ಕೊಳ್ಳತ್ತೆ. ಆಪರೇಶನ್ ಬೇಡ ಅನ್ಸತ್ತೆ, ರೇಡಿಯೇಶನ್ ಆಗತ್ತಾ?

ಉತ್ತರ: ಆಗಲ್ಲ ಸರ್. ಬಗ್ಗಿದ ಬೆರಳನ್ನ ರೇಡಿಯೇಶನ್ ನೆಟ್ಟಗೆ ಮಾಡಲ್ಲ, ಬೆರಳು ಸುಮಾರು 10 ಡಿಗ್ರಿಗಿಂತ ಜಾಸ್ತಿ ಬಗ್ಗಿದ ಮೇಲೆ ಅದರಿಂದ ಲಾಭ ಕಮ್ಮಿ, ಬರೀ ಸೈಡ್ ಎಫೆಕ್ಟ್ ಉಳಿಯತ್ತೆ. ಕೈ ಸರ್ಜನ್ ಹತ್ರ ತೋರಿಸಿ. ಆ ಜಾಗ ಮಾತ್ರ ಮರಗಟ್ಟಿಸಿ ಸೂಜಿಯಿಂದಲೇ ಹುರಿ ಕತ್ತರಿಸೋ ವಿಧಾನ ಇದೆ, ಸಾಮಾನ್ಯವಾಗಿ ಅವತ್ತೇ ಮನೆಗೆ ಬರಬಹುದು, ಆದ್ರೆ ದೊಡ್ಡ ಆಪರೇಶನ್‌ಗಿಂತ ಇದರಲ್ಲಿ ಮತ್ತೆ ಬಗ್ಗೋ ಸಾಧ್ಯತೆ ಜಾಸ್ತಿ. ಕಿರುಬೆರಳಿನ ನಡುವಿನ ಗೆಣ್ಣು ತುಂಬಾ ದಿನ ಬಗ್ಗೇ ಇದ್ರೆ ಕೀಲೇ ಬಿಗಿದುಬಿಡತ್ತೆ, ಆಮೇಲೆ ಹುರಿ ತೆಗೆದ್ರೂ ಪೂರ್ತಿ ನೆಟ್ಟಗಾಗಲ್ಲ, ಅದಕ್ಕೇ ಈ ತಿಂಗಳೇ ಹೋಗಿ.